ಕಾಯಿತುರಿಯ ಅಮ್ಮ

ಮಕ್ಕಳೇ, ಬೆಳಿಗ್ಗೆ ಕಣ್ಣಿ ಬಿಚ್ಚಿದ ಕೂಡಲೇ ಎಳೆಗರು ಏನು ಮಾಡುತ್ತದೆ, ನೋಡಿದ್ದೀರಾ? ಬಾಲ ಎತ್ತಿ, ಹಿಂಗಾಲು ಝಾಡಿಸುತ್ತ ಅಂಗಳದ ತುಂಬ ಚಂಗನೆ ಜಿಗಿಯುತ್ತದೆ. ಅದಕ್ಕೆ ಯಾರೂ ಹೇಳಿಕೊಟ್ಟಿಲ್ಲ. ಆ ಕುಣಿತ ಹುಟ್ಟಿನಿಂದಲೇ ಬಂದದ್ದು.

ಬೆಳೆದ ಮೇಲೂ ಹೀಗೆ ಜಿಗಿಯಲಿ ಎಂದೇ ದನ, ಕುದುರೆ ಸಾಕುವವರು ಅಮೆರಿಕ, ಕೆನಡಾಗಳಲ್ಲಿದ್ದಾರೆ. ಅಲ್ಲಿ ರೋಡಿಯೋ ಎಂಬ ಆಟವಿದೆ. ಗೂಳಿಯ ಬೆನ್ನೇರಿದ ಸವಾರ ಒಂದೇ ಕೈಯಲ್ಲಿ ಹಗ್ಗ ಹಿಡಿದು 8 ಸೆಕೆಂಡು ಕೂತಿರಬೇಕು. ಅಷ್ಟೇನಾ ಎನ್ನಬೇಡಿ! ಬುಶ್‌ವ್ಯಾಕರ್ ಎಂಬ ಗೂಳಿ ದೊಡ್ಡ ಪಂದ್ಯಗಳಲ್ಲಿ ಸತತ 42 ಸಲ ಸವಾರರನ್ನು ಕೆಡವಿತ್ತು. ಒಟ್ಟು 100 ಅಂಕಗಳಲ್ಲಿ 50 ಸವಾರನ ಕೌಶಲಕ್ಕೆ, ಉಳಿದ 50 ಗೂಳಿಯ ಜಿಗಿತಕ್ಕೆ. ಗೂಳಿ ಸುಮ್ಮನೆ ನಿಂತುಬಿಟ್ಟರೆ ಸವಾರನಿಗೂ ನಷ್ಟ! ಅದಕ್ಕೇ ಚೆನ್ನಾಗಿ ಜಿಗಿಯುವ ಪ್ರಾಣಿಗಳನ್ನು ಬೆಳೆಸಿ, ಲಾರಿಗಳಲ್ಲಿ ಊರೂರಿನ ಆಟಕ್ಕೆ ಒದಗಿಸುವುದು ಅಲ್ಲಿ ಒಂದು ಕಸುಬು.

ಈ ಗೂಳಿಗಳಲ್ಲಿ ಹಲವಕ್ಕೆ ನಮ್ಮ ಎತ್ತುಗಳ ಹಾಗೆ ಹಿಣಿಲು ಇದೆ, ಕುತ್ತಿಗೆಯಲ್ಲಿ ಜೋಲಾಡುವ ಗಂಗೆದೊಗಲಿದೆ. ಬಿಸಿಲು ತಾಳುವ ದನ ಬೇಕೆಂದು ಅಮೆರಿಕದವರು ಹಿಂದೆ ಭಾರತದ ಗಿರ್, ಕಾಂಕ್ರೇಜ್, ಓಂಗೋಲ್ ತಳಿಗಳನ್ನು ಬೆರೆಸಿ ಬ್ರಾಹ್ಮನ್ ಎಂಬ ತಳಿ ಕಟ್ಟಿದರು. ಆ ಬೆರಕೆಯಲ್ಲಿ ನಮ್ಮ ಕೃಷ್ಣಾ ತೀರದ ತಳಿಯ ಪಾಲೂ ಇದೆ. ಎರೆಮಣ್ಣು ಉಳುತ್ತಿದ್ದ ಎತ್ತುಗಳ ದೂರದ ನೆಂಟರು ಈಗ ರೋಡಿಯೋ ಅಂಗಳದಲ್ಲಿದ್ದಾರೆ!

ಬ್ರಾಹ್ಮನ್ ರಕ್ತದ ಗೂಳಿಗಳ ಚರ್ಮ ಸಡಿಲ. ಅದರಿಂದ ಸವಾರನಿಗೇನು ಕಷ್ಟ? ಚಿಕ್ಕ ದಿಂಬಿಗೆ ದೊಡ್ಡ ಗವಸು ತೊಡಿಸಿ, ಗವಸನ್ನಷ್ಟೇ ಹಿಡಿದು ದಿಂಬನ್ನು ಅಲುಗದಂತೆ ನಿಲ್ಲಿಸಲು ನೋಡಿ. ಬಟ್ಟೆ ನಿಮ್ಮ ಕೈಯಲ್ಲಿರುತ್ತದೆ, ದಿಂಬು ಒಳಗೇ ಹೊರಳುತ್ತದೆ. ಸವಾರನ ಪಾಡೂ ಅದೇ.

ಸರಿ, ಜಿಗಿತ ಮರಿಗೆ ಬರುವುದು ಹೇಗೆ? ಕೆನಡಾದ ಕ್ಯಾಲ್ಗರಿ ಸ್ಟ್ಯಾಂಪೀಡ್ ಎಂಬ ರೋಡಿಯೋ ಉತ್ಸವದವರು 1961ರಿಂದ ಇದಕ್ಕೆಂದೇ ಕುದುರೆಗಳನ್ನು ಬೆಳೆಸುತ್ತಿದ್ದಾರೆ. ಅವರ ಗ್ರೇಟೆಡ್ ಕೋಕನಟ್ ಎಂಬ ಗಂಡು ಕುದುರೆ ಜಿಗಿತದಲ್ಲಿ 6 ಸಲ ವಿಶ್ವ ಚಾಂಪಿಯನ್ ಆಯಿತು. ಹೆಸರಿನ ಅರ್ಥ ಗೊತ್ತೇ? ಕಾಯಿತುರಿ! ಅದರ ಅಮ್ಮನ ಹೆಸರು ಕೋಕನಟ್ ರೋಲ್, ಅಪ್ಪ ವಯಾಟ್ ಅರ್ಪ್. ಮಗನ ಹೆಸರಿಗೆ ತೆಂಗಿನಕಾಯಿ ಬಂದದ್ದು ಅಮ್ಮನ ಕಡೆಯಿಂದ. ಆದರೆ ಮೈಗುಣ ಇಬ್ಬರಿಂದಲೂ ಬರುತ್ತದೆ. ಅಮ್ಮನ ಡಬ್ಬಿಯಿಂದ ಅರ್ಧ ಮಣಿ, ಅಪ್ಪನ ಡಬ್ಬಿಯಿಂದ ಅರ್ಧ ಮಣಿ ತೆಗೆದು ಸರ ಪೋಣಿಸಿದ ಹಾಗೆ. ಪ್ರತಿ ಸಲ ಕೈಗೆ ಸಿಗುವ ಮಣಿಗಳು ಬೇರೆ. ಅದಕ್ಕೇ ಒಡಹುಟ್ಟಿದವರಲ್ಲೂ ಒಂದು ಜಿಗಿಯುತ್ತದೆ, ಇನ್ನೊಂದು ಸಾಧು.

ಹೆಣ್ಣು ಕುದುರೆಗಳೂ ಅಂಗಳಕ್ಕಿಳಿಯುತ್ತವೆ. ಗೂಳಿಯ ಅಮ್ಮ ಹಾಗಲ್ಲ, ಹುಲ್ಲುಗಾವಲಲ್ಲೇ ಇರುತ್ತಾಳೆ. ಅವಳ ಗುಣ ತಿಳಿಯುವುದು ಮಕ್ಕಳನ್ನು ನೋಡಿಯೇ. ಹಾಗಾಗಿ ಯಾರ ಮಗ ಯಾರು ಎಂಬ ಲೆಕ್ಕ ತಪ್ಪಬಾರದು. ಕರುವಿನ ಬಾಲದ ಕೂದಲನ್ನು ಬುಡಸಮೇತ ಕಿತ್ತು, ಡಿಎನ್ಎ ಪರೀಕ್ಷೆ ಮಾಡಿಸಿ, ಅಪ್ಪ ಅಮ್ಮ ಇವರೇ ಎಂದು ಖಚಿತ ಮಾಡಿಕೊಳ್ಳುತ್ತಾರೆ. ಮಗನ ಜಿಗಿತ ಪರೀಕ್ಷಿಸಲು ಎರಡು ವರ್ಷದ ಹೋರಿಯ ಬೆನ್ನಿಗೆ ಮನುಷ್ಯನ ಬದಲು ಸಣ್ಣ ಪೆಟ್ಟಿಗೆ ಕಟ್ಟುತ್ತಾರೆ. 4 ಸೆಕೆಂಡು ಜಿಗಿತ ನೋಡಿ, ರಿಮೋಟ್ ಒತ್ತಿ ಪೆಟ್ಟಿಗೆ ಬೀಳಿಸುತ್ತಾರೆ.

ಇನ್ನೊಂದು ಮಾತು. ಆಟದ ಹೊತ್ತಿಗೆ ಗೂಳಿಯ ಹಿಂಗಾಲ ಮುಂದೆ, ಹೊಟ್ಟೆ ಸುತ್ತ ಒಂದು ಹಗ್ಗ ಬಿಗಿಯುತ್ತಾರೆ. ಅದನ್ನು ಕೊಡವಿಕೊಳ್ಳಲು ಗೂಳಿ ಇನ್ನೂ ಎತ್ತರಕ್ಕೆ ಒದೆಯುತ್ತದೆ. ಮೆತ್ತನೆಯ ಹಗ್ಗ, ನೋವಾಗದು ಎನ್ನುತ್ತಾರೆ ಸಾಕುವವರು. ಇದು ಹಿಂಸೆಯೇ ಎನ್ನುತ್ತಾರೆ ಪ್ರಾಣಿದಯೆಯವರು. ಬ್ರಿಟನ್ನಿನಲ್ಲಿ ಇಂಥ ಆಟವನ್ನು 1934ರ ಕಾನೂನು ತಡೆದಿದೆ. ನಿಮಗೇನನ್ನಿಸುತ್ತದೆ? ಮನೆಯಲ್ಲಿ ಮಾತಾಡಿ.

ತಾಯಿಯಂತೆ ಮಗಳು, ನೂಲಿನಂತೆ ಸೀರೆ ಎನ್ನುತ್ತದೆ ನಮ್ಮ ಗಾದೆ. ಅದರಲ್ಲಿ ಅಪ್ಪನ ಅರ್ಧ ಬಿಟ್ಟುಹೋಗಿದೆ! ಊರಿಗೆ ಹೋದಾಗ ಕುಣಿಯುವ ಕರು ಕಂಡರೆ ಅಜ್ಜಿಯನ್ನು ಕೇಳಿ: ಈ ಹಸುವಿನ ಹಿಂದಿನ ಕರುಗಳೂ ಹೀಗೇ ಕುಣಿಯುತ್ತಿದ್ದವಾ? ಅಜ್ಜಿ ಹೇಳಿದ್ದನ್ನೆಲ್ಲ ಬರೆದಿಡಿ. ತಳಿ ಬೆಳೆಸುವವರ ಮೊದಲ ಪಾಠವೂ ಅದೇ.