ರೊಕ್ಕದ ಗಂಟಿಗೊಂದು ಎಲ್ಲೆ

ಗೋವಿನಜೋಳದ ರೊಕ್ಕ, ಕಬ್ಬಿನ ರೊಕ್ಕ ಕೈಗೆ ಬಂತೆಂದರೆ ಹಳಿಯಾಳ, ಮುಂಡಗೋಡಗಳ ಕಡೆಯ ಮನೆಗಳಲ್ಲಿ ದೊಡ್ಡ ಮಾತುಗಳು ಹೊರಡುತ್ತವೆ. ಟ್ರ್ಯಾಕ್ಟರು ಕೊಳ್ಳಬೇಕು, ಮಗಳ ಮದುವೆಗೆ ಬಂಗಾರ ಮಾಡಿಸಬೇಕು, ದಾಂಡೇಲಿಯಲ್ಲೊಂದು ನಿವೇಶನ ಹಿಡಿಯಬೇಕು. ಎಣಿಸಿ ಕೈಗಿಟ್ಟರೇನೇ ವ್ಯವಹಾರ ಮುಗಿಯಿತೆಂಬುದು ನಮ್ಮ ಹಿರಿಯರ ಸಮಾಧಾನ. ಜೋಯಿಡಾದ ಕಾಡೊಳಗಿನ ಹಳ್ಳಿಗಳಿಂದ ಬ್ಯಾಂಕಿಗೆ ಬಂದುಹೋಗುವುದರಲ್ಲಿ ಒಂದು ದಿನದ ಕೆಲಸವೇ ಕೆಡುತ್ತದೆ. ಅಲ್ಲಿಯವರು ನಗದನ್ನೇ ನಂಬಿದರೆ ತಪ್ಪೆನ್ನಲು ನನಗೆ ಮನಸ್ಸು ಬಾರದು. ಆದರೂ ಕಾಯಿದೆ ಒಂದು ಗೆರೆ ಎಳೆದಿದೆ. ತಿಳಿಯದೆ ಅದನ್ನು ದಾಟಿದವರಿಗೂ ಪೆಟ್ಟು ಬೀಳುತ್ತದೆ.

2017ರ ಏಪ್ರಿಲ್ 1ರಿಂದ ಯಾರೂ 2 ಲಕ್ಷ ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ನಗದಾಗಿ ಪಡೆಯಕೂಡದು. ಒಬ್ಬರಿಂದ ಒಂದು ದಿನದಲ್ಲಿ, ಒಂದು ವ್ಯವಹಾರಕ್ಕಾಗಿ, ಅಥವಾ ಒಂದೇ ಸಮಾರಂಭಕ್ಕಾಗಿ ಎಂದು ಮೂರು ಬಗೆಯಲ್ಲಿ ಇದನ್ನು ಲೆಕ್ಕಹಾಕುತ್ತಾರೆ. ಆ ವರ್ಷದ ಬಜೆಟ್ಟಿನಲ್ಲಿ ಮೊದಲು 3 ಲಕ್ಷವೆಂದು ಸೂಚಿಸಿ, ಬಳಿಕ 2 ಲಕ್ಷಕ್ಕೆ ಇಳಿಸಿದರು. 2025ರ ಹೊಸ ಆದಾಯ ತೆರಿಗೆ ಕಾಯಿದೆಯಲ್ಲಿ ಸೆಕ್ಷನ್ನುಗಳ ಸಂಖ್ಯೆ ಬದಲಾಯಿತೇ ಹೊರತು ಮಿತಿ ಬದಲಾಗಲಿಲ್ಲ.

ನೀವು ನಿಮ್ಮ ಹಳೆಯ ಟ್ರ್ಯಾಕ್ಟರನ್ನು ನೆರೆಯವರಿಗೆ 3 ಲಕ್ಷಕ್ಕೆ ಮಾರಿದಿರಿ ಎಂದಿಟ್ಟುಕೊಳ್ಳೋಣ. ಇಂದು ಒಂದೂವರೆ ಲಕ್ಷ, ಬರುವ ಸಂತೆಯ ದಿನ ಇನ್ನೊಂದೂವರೆ ಲಕ್ಷ ನಗದಾಗಿ ತೆಗೆದುಕೊಂಡಿರಿ. ಒಂದೊಂದು ಕಂತೂ ಗೆರೆಯೊಳಗೇ ಇದೆಯಲ್ಲ ಎನ್ನುವಿರಿ. ಆದರೆ ವ್ಯವಹಾರ ಒಂದೇ. ದಂಡ ಪಡೆದಷ್ಟೇ ಮೊತ್ತ, ಎಂದರೆ 3 ಲಕ್ಷ. ಅದೂ ಕೊಟ್ಟವರಿಗಲ್ಲ, ಪಡೆದ ನಿಮಗೆ! ಟ್ರ್ಯಾಕ್ಟರೂ ಹೋಯಿತು, ರೊಕ್ಕವೂ ಹೋಯಿತು. ತಕ್ಕ ಕಾರಣವನ್ನು ಸಾಬೀತುಪಡಿಸಿದವರಿಗೆ ದಂಡ ತಪ್ಪಬಹುದು; ಗೊತ್ತಿರಲಿಲ್ಲ ಎಂಬ ಮಾತನ್ನು ನೆಚ್ಚಿ ಕೂಡುವಂತಿಲ್ಲ.

ಬೆಳೆ ಮಾರುವ ರೈತರಿಗೂ ಇದೇ ಮಿತಿ. 2 ಲಕ್ಷದೊಳಗಿನ ಬೆಳೆಯ ಹಣವನ್ನು ವ್ಯಾಪಾರಿಯಿಂದ ನಗದಾಗಿ ಪಡೆಯಲು ಅಡ್ಡಿಯಿಲ್ಲವೆಂದು 2017ರ ನವೆಂಬರಿನಲ್ಲಿ ಇಲಾಖೆಯೇ ತಿಳಿಸಿದೆ. ನಿಮ್ಮದೇ ಖಾತೆಯಿಂದ ನೀವು ತೆಗೆಯುವ ಹಣಕ್ಕೆ ಈ ಮಿತಿ ತಗಲುವುದಿಲ್ಲ.

ಹೊಲ, ಮನೆ, ನಿವೇಶನಗಳ ಮಾತು ಇನ್ನೂ ಬಿಗಿ. 2015ರ ಜೂನ್ 1ರಿಂದ ಸ್ಥಿರಾಸ್ತಿಯ ವ್ಯವಹಾರದಲ್ಲಿ ಸಂಚಕಾರವೇ ಆಗಲಿ, ಉಳಿದ ಹಣವೇ ಆಗಲಿ, 20,000 ರೂಪಾಯಿ ಅಥವಾ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಕೈಗಡಕ್ಕೂ ಮಿತಿ ಅಷ್ಟೇ. ಕೊಡುವವರಿಗೂ ಪಡೆಯುವವರಿಗೂ ಬೇಸಾಯದ ಆದಾಯವಿದ್ದು, ಇಬ್ಬರಿಗೂ ತೆರಿಗೆಗೆ ಒಳಪಡುವ ಆದಾಯವಿಲ್ಲದಿದ್ದರೆ ಮಾತ್ರ ರಿಯಾಯಿತಿಯುಂಟು.

ಬೆಂಗಳೂರಿನ ಒಂದು ಜಾಗದ ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಅದರ ಕ್ರಯಕ್ಕಾಗಿ 75 ಲಕ್ಷ ರೂಪಾಯಿ ನಗದು ಮುಂಗಡ ಕೊಟ್ಟಿದ್ದೇವೆಂದು ಕೆಲವರು ಆರ್‌ಬಿಎಎನ್‌ಎಂ ಶಿಕ್ಷಣ ಸಂಸ್ಥೆಯ ಮೇಲೆ ದಾವೆ ಹೂಡಿದ್ದರು. ಅವರ ಕರಾರು ಆದದ್ದಾದರೂ ಸಂಸ್ಥೆಯೊಡನೆ ಅಲ್ಲ, ಬೇರೆಯವರೊಡನೆ! 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಆ ದಾವೆಯನ್ನು ತಿರಸ್ಕರಿಸಿತು. ಅಷ್ಟಕ್ಕೇ ಬಿಡಲಿಲ್ಲ. 2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟೆವೆಂದು ಯಾವುದೇ ದಾವೆಯಲ್ಲಿ ಹೇಳಿಕೊಂಡರೆ ನ್ಯಾಯಾಲಯವು, ಅಂತಹ ದಸ್ತೈವಜು ನೋಂದಣಿಗೆ ಬಂದರೆ ಉಪನೋಂದಣಾಧಿಕಾರಿಯು, ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕೆಂದು ಆಜ್ಞೆ ಮಾಡಿತು. ಎಂದ ಮೇಲೆ ಹಳಿಯಾಳದಲ್ಲಿ ಬರೆಸಿದ ಕಾಗದದ ಸುದ್ದಿ ಹಳಿಯಾಳದಲ್ಲೇ ಉಳಿಯುತ್ತದೆಂದು ತಿಳಿಯಬೇಡಿ.

ನೋಟು ಎಣಿಸುವ ಬದಲು ಖಾತೆಗೆ ಸಲ್ಲುವ ಚೆಕ್ಕು, ಡ್ರಾಫ್ಟು, ಇಲ್ಲವೇ ಖಾತೆಯಿಂದ ಖಾತೆಗೆ ವರ್ಗಾವಣೆ ಸಾಕು. ಓದುಬರಹ ಬಾರದ ಅಜ್ಜಿಯ ಹೊಲವನ್ನು ಕೊಳ್ಳುವವರಿದ್ದರೆ ಅವರನ್ನು ಬ್ಯಾಂಕಿಗೆ ಕರೆದೊಯ್ದು, ಹಣ ಅವರ ಖಾತೆಗೆ ಜಮೆಯಾದದ್ದನ್ನು ಪಾಸ್‌ಬುಕ್ಕಿನಲ್ಲಿ ಓದಿ ಹೇಳಿರಿ. ಸಂಚಕಾರ ಪತ್ರದಲ್ಲಿ ಚೆಕ್ಕಿನ ಸಂಖ್ಯೆ, ತಾರೀಖು, ಬ್ಯಾಂಕಿನ ಹೆಸರು ಬರೆಸಿ, ಒಂದು ಪ್ರತಿಯನ್ನು ಅವರ ಕೈಗೂ ಕೊಡಿರಿ.