ಜ್ಞಾನತಂದೆ ಜೋವಾನ್ನೆಸ್



ಇಪ್ಪತ್ತೇ ನಿಮಿಷ ಎಂದು ಸಂಚಾಲಕರು ಚೀಟಿ ಕೊಟ್ಟಿದ್ದಾರೆ. ನನ್ನನ್ನು ಬಲ್ಲವರಾರೂ ಅದನ್ನು ನಂಬುವುದಿಲ್ಲ.

ಬೆಂಗಳೂರು ಮಹಾಧರ್ಮಪ್ರಾಂತ್ಯದ ಚರಿತ್ರೆಗೆ ಮೈಸೂರಿನಲ್ಲೇಕೆ ವಿಚಾರ ಸಂಕಿರಣ ಎಂದು ಬೆಳಿಗ್ಗೆ ಒಬ್ಬರು ಕೇಳಿದರು. ಅದು ಮನೆ ಪಾಲಾದ ಕಥೆ. 1886ರಲ್ಲಿ ಹುಟ್ಟಿದ ಧರ್ಮಪ್ರಾಂತ್ಯದ ಹೆಸರು ಮೈಸೂರು. ಧರ್ಮಾಧ್ಯಕ್ಷರ ಪೀಠ ಮಾತ್ರ ಬೆಂಗಳೂರಿನಲ್ಲಿ. 1933ರಲ್ಲಿ ಮಹಾರಾಜ ನಾಲ್ವಡಿಯವರು ಸಂತ ಫಿಲೋಮಿನಾ ದೇವಾಲಯಕ್ಕೆ ಅಡಿಗಲ್ಲಿಟ್ಟಾಗಲೂ ಈ ಊರಲ್ಲಿ ಧರ್ಮಾಧ್ಯಕ್ಷರಿರಲಿಲ್ಲ. 1940ರ ಫೆಬ್ರವರಿ 13ರಂದು ಧರ್ಮಪ್ರಾಂತ್ಯ ಪಾಲಾಯಿತು. ಧರ್ಮಾಧ್ಯಕ್ಷ ದೆಸ್ಪಾತ್ಯೂರ್ ಅವರು ಬೆಂಗಳೂರಿಗೇ ಉಳಿದರು, ನಮಗೆ ಮರುವರ್ಷ ರೆನೆ ಫ್ಯೂಗಾ ಬಂದರು. 1953ರಲ್ಲಿ ಬೆಂಗಳೂರು ಮಹಾಧರ್ಮಪ್ರಾಂತ್ಯವಾಗಿ, ಥಾಮಸ್ ಪೋತಕಮೂರಿ ಮೊದಲ ಮಹಾಧರ್ಮಾಧ್ಯಕ್ಷರಾದರು. ಹೆಸರು ನಮ್ಮ ಪಾಲಿಗೆ, ಯಜಮಾನಿಕೆ ಅವರ ಪಾಲಿಗೆ. ಮುಂದಿನ ಸಾಲಿನ ಬೆಂಗಳೂರಿನವರು ನಗುತ್ತಿದ್ದಾರೆ, ನಗಲಿ.

ಪೋತಕಮೂರಿಯವರಿಂದ ಪೀಟರ್ ಮಚಾದೊ ಅವರವರೆಗಿನ ಮಹಾಧರ್ಮಾಧ್ಯಕ್ಷರ ಪಟ್ಟಿ ಮಧ್ಯಾಹ್ನದ ಪ್ರಬಂಧಗಳಲ್ಲಿದೆ. ನನ್ನ ತಕರಾರು ಆ ಪಟ್ಟಿಯ ಮೇಲೇ. ನಾವು ಬರೆದದ್ದು ಪಟ್ಟಾಭಿಷೇಕಗಳ ಚರಿತ್ರೆ. ಅದಕ್ಕೆ ಆಧಾರ ಮಿಷನರಿಗಳು ತಮ್ಮ ಮೇಲಿನವರಿಗೆ ಕಳಿಸಿದ ಕಾಗದಗಳು. ಕಾಗದ ಬರೆದವನೇ ನಾಯಕನಾದ. ಫೆರೋಲಿಯವರ ‘ದಿ ಜೆಸ್ಯೂಟ್ಸ್ ಇನ್ ಮೈಸೂರ್’ ಆದ ಮೇಲೆ ನಡೆದ ಕೆಲಸವನ್ನು ಇಲ್ಲಿರುವ ನೀವೇ ಮಾಡಿದ್ದೀರಿ, ನಾನು ಹೇಳಬೇಕಾಗಿಲ್ಲ. ಆದರೂ ಒಂದು ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹದಿನೇಳನೇ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ವ್ಯಾಕರಣವನ್ನೇ ಬರೆದರು. 1773ರಲ್ಲಿ ಪೋಪರು ಜೆಸ್ವಿತ್ ಸಂಘವನ್ನೇ ವಿಸರ್ಜಿಸಿದರು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಫ್ರೆಂಚ್ ಮಿಷನರಿ ಅಬ್ಬೆ ದ್ಯುಬುವಾ ಬಂದರು. ಹಾಸನದ ಸಾತಳ್ಳಿಯ ಕಡೆ ಅವರು ‘ದೊಡ್ಡ ಸ್ವಾಮಿಯವರು’. ನಡುವಿನ ಇಪ್ಪತ್ತಾರು ವರ್ಷ? ಗುರುಗಳು ಅಲ್ಲೊಬ್ಬರು ಇಲ್ಲೊಬ್ಬರು ಇದ್ದಿರಬಹುದು. ಊರೂರಲ್ಲಿ ಸಂಜೆಯ ಜಪ ಹೇಳಿಕೊಟ್ಟವರು ಯಾರು? ಹೆಣ ಮಣ್ಣು ಮಾಡುವಾಗ ಮುಂದೆ ನಿಂತವರು ಯಾರು?

ನಲವತ್ತು ವರ್ಷದ ಹಿಂದೆ ಒಂದು ಹಳ್ಳಿಯ ಗುಡಿಯಲ್ಲಿ ಜ್ಞಾನಸ್ನಾನದ ಹಳೇ ದಫ್ತರು ತೆರೆದಿದ್ದೆ. ಲ್ಯಾಟಿನ್ ಬರಹ, ಹುಳು ತಿಂದ ಅಂಚು. ಒಂದೇ ದಿನ ಹನ್ನೊಂದು ಮಕ್ಕಳಿಗೆ ಜ್ಞಾನಸ್ನಾನ; ಹನ್ನೊಂದಕ್ಕೂ ಜ್ಞಾನತಂದೆ ಜೋವಾನ್ನೆಸ್. ಲೇಖಕನ ಕೈತಪ್ಪು ಎಂದು ಬುದ್ಧಿವಂತನಂತೆ ಟಿಪ್ಪಣಿ ಮಾಡಿಕೊಂಡೆ. ಕಸ ಗುಡಿಸುತ್ತಿದ್ದ ಅಜ್ಜಿಗೆ ಓದಿ ಹೇಳಿದೆ. ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದರು.

“ತಪ್ಪೆಲ್ಲಿ ಬಂತಪ್ಪಾ? ಅವ್ರು ಉಪದೇಶಿ. ಸ್ವಾಮ್ಗಳು ವರ್ಸಕ್ಕೊಂದಪ ಬರೋರಂತೆ. ಮಿಕ್ಕಿದ್ ದಿನ್ವೆಲ್ಲಾ ಅವ್ರೇ ಅಂತ ನಮ್ಮಜ್ಜಿ ಹೇಳೋರು.”

ಸಹಿ ಮಾತ್ರ ಫ್ರೆಂಚ್ ಸ್ವಾಮಿಗಳದ್ದು. ಜೋವಾನ್ನೆಸ್‌ನ ತಂದೆಯ ಹೆಸರಿಲ್ಲ, ಊರಿನವರು ಅವನನ್ನು ಏನೆಂದು ಕೂಗುತ್ತಿದ್ದರೋ ಅದೂ ಇಲ್ಲ. ಆ ದಫ್ತರು ಹತ್ತೊಂಬತ್ತನೇ ಶತಮಾನದ್ದು. ನನಗೆ ಬೇಕಾದವನು ಅದಕ್ಕೂ ಹಿಂದಿನವನು, ಇವನ ತಾತನಿದ್ದರೂ ಇರಬಹುದು.

ಸಂಚಾಲಕರು ಎದ್ದು ನಿಂತರು. ಪೋತಕಮೂರಿಯವರ ಕಾಲದ ಮೇಲೆ ಪ್ರಬಂಧ ಓದುವವರಲ್ಲಿ ಒಂದೇ ಕೋರಿಕೆ: ಉಪದೇಶಿಗಳಿಗೆ ಸಂಬಳ ಕೊಟ್ಟ ಲೆಕ್ಕದ ಪುಸ್ತಕ ಎಲ್ಲಾದರೂ ಕಣ್ಣಿಗೆ ಬಿದ್ದಿದ್ದರೆ, ಊಟಕ್ಕೆ ನನ್ನ ಪಕ್ಕದಲ್ಲೇ ಕೂತುಕೊಳ್ಳಿ.