ಮೀನಿನ ವಿದ್ಯೆಗೂ ಕಾಲೇಜು ಇದೆ
(ಮಂಗಸೂಳಿಯಲ್ಲಿ ನಡೆದ ವಿದ್ಯಾರ್ಥಿ-ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಹತ್ತನೆಯ ತರಗತಿಯಲ್ಲಿ "ಮುಂದೆ ಏನಾಗುವಿರಿ?" ಎಂದು ಕೇಳಿದರೆ ನನಗೆ ಸಿಗುವ ಉತ್ತರಗಳು ಮೂರೇ: ಡಾಕ್ಟರ್, ಇಂಜಿನಿಯರ್, ಟೀಚರ್. ಕಳೆದ ವರ್ಷ ಒಬ್ಬ ಹುಡುಗಿ ಎದ್ದು, "ಸರ್, ಮೀನಿನ ಬಗ್ಗೆ ಓದಲು ಕಾಲೇಜು ಇದೆಯೇ?" ಎಂದಳು. ತರಗತಿಯೆಲ್ಲ ನಕ್ಕಿತು. ಅವಳ ತಂದೆ ಸಂತೆಯಲ್ಲಿ ಮೀನು ಮಾರುವವರು. ನಕ್ಕವರನ್ನು ಗದರಿಸಿದೆ. ಆದರೆ ಉತ್ತರ ನನಗೂ ಗೊತ್ತಿರಲಿಲ್ಲ. ಬಿ.ಇಡಿ. ಓದಿದ ಮೇಷ್ಟ್ರಿಗೆ ಇದು ನಾಚಿಕೆಯ ಮಾತು.

ಕಾಲೇಜು ಇದೆ. ಮಂಗಳೂರಿನ ಮೀನುಗಾರಿಕೆ ಮಹಾವಿದ್ಯಾಲಯ 1969ರಲ್ಲಿ ಆರಂಭವಾಯಿತು. ಇಂಥ ಕಾಲೇಜುಗಳಲ್ಲಿ ದೇಶಕ್ಕೇ ಅದು ಮೊದಲನೆಯದು. ಈಗ ಬೀದರಿನ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸೇರಿದೆ. ಪದವಿಯ ಹೆಸರು ಬಿ.ಎಫ್.ಎಸ್ಸಿ., ಅವಧಿ ನಾಲ್ಕು ವರ್ಷ. ಪಿಯುಸಿಯಲ್ಲಿ ವಿಜ್ಞಾನ ಓದಿ ಸಿಇಟಿ ಬರೆಯಬೇಕು.

ಮೀನಿನಲ್ಲಿ ಓದುವುದೇನಿದೆ ಎನ್ನುತ್ತೀರಾ? ನಮ್ಮ ಸಂತೆಗೆ ಬರುವ ರೋಹು, ಕಾಟ್ಲಾ ಮೂಲತಃ ಕೃಷ್ಣೆಯ ಮೀನುಗಳಲ್ಲ, ಗಂಗೆಯ ಕಡೆಯವು. ಇವು ಮಳೆಗಾಲದ ಹರಿಯುವ ಹೊಳೆಯಲ್ಲಿ ಮೊಟ್ಟೆ ಇಡುತ್ತವೆ, ನಿಂತ ಕೆರೆಯಲ್ಲಿ ಇಡುವುದಿಲ್ಲ. ಹಾಗಾಗಿ ಮೊದಲೆಲ್ಲ ಮರಿಗಳನ್ನು ಹೊಳೆಯಿಂದಲೇ ಹಿಡಿದು ತರಬೇಕಿತ್ತು. 1957ರಲ್ಲಿ ಹೀರಾಲಾಲ್ ಚೌಧುರಿ ಎಂಬ ವಿಜ್ಞಾನಿ ಒಂದು ಮೀನಿನ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿಯ ರಸವನ್ನು ಇನ್ನೊಂದಕ್ಕೆ ಚುಚ್ಚಿ, ಕೊಳದಲ್ಲೇ ಮೊಟ್ಟೆ ಇಡಿಸಿದರು. ಇಂದು ಕೆರೆ ಕೆರೆಗೂ ಮೀನುಮರಿ ಬಿಡುವುದು ಸಾಧ್ಯವಾದದ್ದು ಆ ಒಂದು ಸೂಜಿಯಿಂದ.

ನಮ್ಮ ಭಾಗಕ್ಕೂ ಇದರಲ್ಲಿ ಕೆಲಸವಿದೆ. ಕಬ್ಬಿಗೆ ನೀರು ಹಾಯಿಸಿ ಹಾಯಿಸಿ ಹೊಳೆಸಾಲಿನ ಎಷ್ಟೋ ಹೊಲಗಳು ಸವಳು-ಜವಳಾಗಿವೆ. ಹರಿಯಾಣದಲ್ಲಿ ಅಂಥ ಉಪ್ಪು ನೆಲದಲ್ಲಿ ಹೊಂಡ ತೋಡಿ ಸಿಗಡಿ ಸಾಕುತ್ತಿದ್ದಾರೆ. ನಮ್ಮಲ್ಲಿ ಆಗುತ್ತದೋ ಇಲ್ಲವೋ, ನೀರು ಪರೀಕ್ಷಿಸಿ ಹೇಳಬಲ್ಲವರು ನಮ್ಮವರೇ ಯಾಕಾಗಬಾರದು?

ಅಮೆರಿಕದ ಕೆಲವು ವಿಶ್ವವಿದ್ಯಾಲಯಗಳು ಮೀನು, ವನ್ಯಜೀವಿ ಎರಡನ್ನೂ ಒಂದೇ ವಿಭಾಗದಲ್ಲಿ ಕಲಿಸುತ್ತವೆ. ನಮ್ಮಲ್ಲಿ ದಾರಿ ಬೇರೆ. ವನ್ಯಜೀವಿಯ ಓದು ಹೆಚ್ಚಾಗಿ ಪದವಿಯ ನಂತರದ್ದು: ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ. ಇದೆ, ಡೆಹ್ರಾಡೂನಿನ ಭಾರತೀಯ ವನ್ಯಜೀವಿ ಸಂಸ್ಥೆ (1982) ಇದೆ. ಪಿಯುಸಿ ನಂತರವೇ ಕಾಡಿನ ಕಡೆ ಹೋಗುವವರಿಗೆ ಶಿರಸಿಯ ಅರಣ್ಯ ಮಹಾವಿದ್ಯಾಲಯ.

ಸಲೀಂ ಅಲಿಯವರ ಹೆಸರು ಕೇಳಿದ್ದೀರಿ. ಪಕ್ಷಿಗಳ ಬಗ್ಗೆ ಅಷ್ಟು ಬಲ್ಲವರಿಗೂ ಪದವಿ ಇರಲಿಲ್ಲವೆಂದು ಸರ್ಕಾರದ ಪ್ರಾಣಿ ಸರ್ವೇಕ್ಷಣ ಸಂಸ್ಥೆಯಲ್ಲಿ ಕೆಲಸ ಸಿಗಲಿಲ್ಲ. ಅವರು ಬರ್ಲಿನ್‌ಗೆ ಹೋಗಿ ಕಲಿತು ಬಂದರು. ಎಲ್ಲರೂ ಸಲೀಂ ಅಲಿ ಆಗಲಾರರು, ಆದ್ದರಿಂದ ಪದವಿಯನ್ನು ಹಗುರಾಗಿ ನೋಡಬೇಡಿ.

ಸುಳ್ಳು ಆಸೆ ಹುಟ್ಟಿಸಲಾರೆ. ಸರ್ಕಾರಿ ಹುದ್ದೆಗಳು ಕಡಿಮೆ, ಓದು ಇಂಗ್ಲಿಷಿನಲ್ಲಿ, ಕೆಸರಿನಲ್ಲಿ ನಿಲ್ಲಬೇಕು. ಮೀನುಗಳ ಲ್ಯಾಟಿನ್ ಹೆಸರುಗಳಿಗೆ ಉರ್ದು ಮಾಧ್ಯಮದವರು ಹೆದರುತ್ತಾರೆ. ಲ್ಯಾಟಿನ್ ಕಾನ್ವೆಂಟಿನವರಿಗೂ ಅಷ್ಟೇ ಪರಕೀಯ! ಇನ್ನೊಂದು ಮಾತು: ಉರ್ದು ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿಯ ಕನ್ನಡ ಮಾಧ್ಯಮ ಮೀಸಲಾತಿ ಸಿಗದು. ಆದರೆ ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲೇ ಓದಿದ್ದರೆ ಗ್ರಾಮೀಣ ಮೀಸಲಾತಿ ಕೇಳಬಹುದು. ಆ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಟ್ಟುಕೊಳ್ಳಿ.

ಆ ಹುಡುಗಿ ಈಗ ಪಿಯುಸಿ ಮೊದಲ ವರ್ಷದಲ್ಲಿದ್ದಾಳೆ, ವಿಜ್ಞಾನವನ್ನೇ ಆರಿಸಿಕೊಂಡಿದ್ದಾಳೆ. ಮೊನ್ನೆ ಸಂತೆಯಲ್ಲಿ ಸಿಕ್ಕ ಅವಳ ತಂದೆ ತಕ್ಕಡಿ ಕೆಳಗಿಟ್ಟು ಕೇಳಿದರು: "ಸರ್, ಮಂಗಳೂರು ಭಾಳ ದೂರ ಐತಿ. ಒಬ್ಬಾಕಿನ್ನ ಹ್ಯಾಂಗ ಕಳಸೂದು?" ಒಬ್ಬಳನ್ನು ಕಳಿಸುವುದು ಕಷ್ಟವೇ. ಮೂವರು ಒಟ್ಟಿಗೆ ಹೊರಟರೆ ಅಷ್ಟು ಕಷ್ಟವಲ್ಲ. ಇನ್ನಿಬ್ಬರು ಸಿದ್ಧರಿದ್ದರೆ ಸಭೆ ಮುಗಿದ ಮೇಲೆ ನನ್ನ ಹತ್ತಿರ ಹೆಸರು ಬರೆಸಿ.